ಅಪ್ಪನ ಎಡಗೈಯ ತೋರುಬೆರಳು

ಅಪ್ಪಾ,

ಊಟ ಮುಚ್ಚಿಟ್ಟಿದ್ದೇನೆ, ಬಿಸಿ ಮಾಡಿಕೊ. ಅಡುಗೆಮನೆಯ ಕಪಾಟು ಮತ್ತೆ ಜೋತುಬಿದ್ದಿದೆ. ಊರಿಗೆಲ್ಲ ಕಪಾಟು ಮಾಡಿಕೊಡುವ ಬಡಗಿ ನಮ್ಮದನ್ನೂ ಒಮ್ಮೆ ನೋಡಲಿ.

ನಾನು ಚಿತ್ರಕಲಾ ಶಾಲೆಯ ಸಂದರ್ಶನಕ್ಕೆ ಹೊರಟೆ. ನಿನ್ನ ಕೈಗಳ ಚಿತ್ರವನ್ನೇ ಒಯ್ಯುತ್ತಿದ್ದೇನೆ. ಬೇಡ ಅಂದದ್ದು ಕೇಳಿಸಿತ್ತು.

ಗರಗಸಕ್ಕೆ ಹೋದ ಬೆರಳ ತುದಿಯನ್ನು ನಿನ್ನೆ ನಾನಿಲ್ಲದಾಗ ಪೆನ್ಸಿಲಿನಲ್ಲಿ ಸೇರಿಸಿದ್ದೀಯಲ್ಲ, ಅದನ್ನು ಅಳಿಸಿದ್ದೇನೆ. ಉಗುರು ಬೇರೆ ಬಿಡಿಸಿದ್ದೀಯ!

"ನೆಟ್ಟಗಿರೋ ಕೈ ಸಿಗಲಿಲ್ಲವೇನೇ ನಿನಗೆ?" ಅಂತೀಯ. ಚಿತ್ರ ಕಲಿಯಲು ತಂದ ಪುಸ್ತಕದ ತುಂಬ ನೆಟ್ಟಗಿನವೇ ಇದ್ದವು. ಎಂಟು ತಿಂಗಳು ಅವನ್ನು ನೋಡಿ ಬಿಡಿಸಿದ್ದೆಲ್ಲ ಬಾಳೆಗೊನೆಯಂತೆ ಬಂತು, ನಕ್ಕವನು ನೀನೇ. ಕೈಯಲ್ಲಿ ಇಪ್ಪತ್ತೇಳು ಮೂಳೆ ಎನ್ನುತ್ತದೆ ಪುಸ್ತಕ. ನಿನ್ನ ಎಡಗೈಯಲ್ಲಿ ಇಪ್ಪತ್ತಾರು. ಆ ಒಂದು ಇಲ್ಲದ್ದಕ್ಕೆ ನಿನ್ನ ನಡುಬೆರಳು ಹೇಗೆ ಬಾಗಿ ಉಳಿಯನ್ನು ಹಿಡಿಯುತ್ತದೆ ಎಂದು ನೋಡಿದ ಮೇಲೆಯೇ ನನಗೆ ಕೈ ಬಿಡಿಸಲು ಬಂದದ್ದು.

ನಿನಗೆ ನಾಚಿಕೆಯಾದರೆ ಆಗಲಿ, ನನಗಿಲ್ಲ. ಯಾರ ಕೈ ಎಂದು ಕೇಳಿದರೆ ನಿನ್ನ ಹೆಸರು, ಕಸುಬು ಎರಡೂ ಹೇಳುತ್ತೇನೆ. ಬೈಯುವುದಿದ್ದರೆ ಸಂಜೆ ಬಂದು ಬೈಸಿಕೊಳ್ಳುತ್ತೇನೆ. ಚಿತ್ರ ಮಾತ್ರ ಬದಲಾಗುವುದಿಲ್ಲ.