ಹಳ್ಳದ ಮರಳಿನಲ್ಲಿ ಹಾಕಿದ ಟೆಂಟ್

ಕದ ಹಾಕಿಕೊಂಡು ಕೂತಿರುವ ತಮ್ಮಾ ಕೊಟ್ರೇಶಾ,

ಕೂಗಿದರೆ ಓಗೊಡುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಇಪ್ಪತ್ತೆರಡು ದಿನದಿಂದ ನಿನ್ನದು ಒಂದೇ ಮಾತು: "ಆ ಜಾಗ ಆರಿಸಿದವ ನಾನು, ಭರತನ್ನ ಕೊಂದವ ನಾನು." ಅದು ನಿಜವಲ್ಲ. ಅದು ಗೊತ್ತಿದ್ದೂ ನಾನು ಸುಮ್ಮನಿದ್ದೆ.

ನಮ್ಮ ಹತ್ತಿ ಮಿಲ್ಲು ಮುಚ್ಚಿದ್ದ ದಿನಗಳು ಅವು. "ಮಳೆಗಾಲದಾಗ ಯಾರೂ ಬರಂಗಿಲ್ಲಕ್ಕಾ, ಸಂಡೂರು ಘಾಟಿ ಪೂರಾ ನಮ್ದ," ಅಂತ ನೀನೇ ಹೊರಡಿಸಿದೆ. ನಿನ್ನ ಕಾಲೇಜಿನ ಗೆಳೆಯ ಭರತ್ ಕೋಸಗಿಯಿಂದ ರೈಲಿನಲ್ಲಿ ಆದೋನಿಗೆ ಬಂದಿಳಿದ. ಮೂವರೂ ಕಾರಿನಲ್ಲಿ ಆಲೂರು, ಹಾಲಹರವಿ, ಬಳ್ಳಾರಿ ದಾಟಿ ಘಾಟಿ ಏರುತ್ತಿದ್ದಂತೆ ಹಸಿರು ಕಣ್ಣು ತುಂಬಿತು. ತಿರುವು ತಿರುವಿಗೂ ಹಾರ್ನ್ ಹೊಡೆದು ನಗುತ್ತಿದ್ದೆ ನೀನು. ನಿನ್ನ ನಿಶ್ಚಿತಾರ್ಥ ಮುರಿದ ಮೇಲೆ, ಎಂಟು ತಿಂಗಳಿಗೆ, ನಿನ್ನ ನಗು ಕೇಳಿದ್ದು ಅವತ್ತೇ. ಎದುರಿಗೆ ಒಂದು ಗಾಡಿಯೂ ಬರಲಿಲ್ಲ. ಚಹಾದಂಗಡಿಗಳೆಲ್ಲ ಮುಚ್ಚಿದ್ದವು.

ಹಳ್ಳದ ಒಣ ಮರಳಿನಲ್ಲಿ ನೀವಿಬ್ಬರೂ ಟೆಂಟಿನ ಗೂಟ ಬಡಿಯುತ್ತಿದ್ದಾಗ ನಾನು ನೀರಿನ ಕ್ಯಾನು ತರಲು ಕಾರಿನ ಹತ್ತಿರ ಹೋದೆ. ಅಲ್ಲಿ ಆಡು ಕಾಯುವ ಮುದುಕಿಯೊಬ್ಬಳು ನಿಂತಿದ್ದಳು.

"ಯವ್ವಾ, ಮ್ಯಾಲೆ ಗುಡ್ಡದಾಗ ಮಳಿ ಆಗಾಕತ್ತೈತಿ. ಹಳ್ಳದಾಗ ಇರಬ್ಯಾಡ್ರಿ. ಎದ್ದು ದಂಡಿಗೆ ಬರ್ರಿ."

ನಮ್ಮ ತಲೆಯ ಮೇಲೆ ಬಿಸಿಲಿತ್ತು. ಹೂಂ ಅಂದು ಬಂದುಬಿಟ್ಟೆ. ಸ್ವಲ್ಪ ಹೊತ್ತಿಗೆ ಆಕೆ ದಿಬ್ಬದ ಮೇಲಿಂದ ಮತ್ತೆ ಕೂಗಿದಳು. ಆಡುಗಳು ಕೆಳಗಿಳಿಯಲೊಲ್ಲದೆ ಆಕೆಯ ಹಿಂದೆ ಒತ್ತೊತ್ತಾಗಿ ನಿಂತಿದ್ದವು.

"ಏನಂತಾಳಕ್ಕಾ ಆಕಿ?" ಅಂತ ನೀನು ಕೇಳಿದೆ.

"ಏನಿಲ್ಲ ಬಿಡು. ಎಲಿ ಅಡಿಕಿ ಕೇಳ್ತಾಳ," ಅಂದೆ.

ಯಾಕೆ ಹಾಗಂದೆ? ನೀನು ನಗುತ್ತಿದ್ದೆ, ಕೊಟ್ರೇಶಾ. ಗೂಟ ಕಿತ್ತು ಹೋಗೋಣ ಅಂದರೆ ಆ ಮುಖ ಮತ್ತೆ ಬಾಡೀತು ಅಂತ ಅಂಜಿದೆ. ಅಷ್ಟೇ ಕಾರಣ. ಬೇರೆ ಹುಡುಕಿದೆ, ಸಿಗಲಿಲ್ಲ.

ಸಂಜೆ ಐದಕ್ಕೆ ಹಕ್ಕಿಗಳ ಸದ್ದು ನಿಂತಿತು. ಕಾಲಡಿಯ ಮರಳು ಒದ್ದೆಯಾಗತೊಡಗಿತು. ನೀನು ಸ್ಟವ್ ತರಲು ಮೇಲೆ ಕಾರಿಗೆ ಹೋಗಿದ್ದೆ. ಲೋಡು ಲಾರಿ ಬಂದಂತೆ ಸದ್ದಾಯಿತು; ತಿರುಗಿ ನೋಡುವುದರೊಳಗೆ ಕೆಂಪು ನೀರು ಎದೆಮಟ್ಟ ಬಂದಿತ್ತು. ನನ್ನ ರಟ್ಟೆ ಹಿಡಿದು ದಂಡೆಗೆ ದಬ್ಬಿದವನು ಭರತ್. ಅವನ ಕೈ ನನ್ನ ಕೈಯಲ್ಲಿತ್ತು, ಆಮೇಲೆ ಇರಲಿಲ್ಲ. ಬಿಸಿಲು ಮಾತ್ರ ಹಾಗೇ ಇತ್ತು. ಮೂರನೆಯ ದಿನ ಎರಡು ಮೈಲಿ ಕೆಳಗೆ ಸಿಕ್ಕ.

ನಿನ್ನೆ ಯಾರಿಗೂ ಹೇಳದೆ ಕೋಸಗಿಗೆ ಹೋಗಿದ್ದೆ. ಅವನ ತಾಯಿ ಉರುಕುಂದಮ್ಮನ ಮುಂದೆ ಕೂತು ಮುದುಕಿಯ ಮಾತು, ನನ್ನ ಸುಳ್ಳು, ಎಲ್ಲ ಹೇಳಿದೆ. ಆಕೆ ಬಹಳ ಹೊತ್ತು ಮೊರದಲ್ಲಿ ಜೋಳ ಹಸನು ಮಾಡುತ್ತಲೇ ಇದ್ದಳು. ಕೊನೆಗೆ ಮುಖ ಎತ್ತದೆ ಅಂದಳು:

"ನಿನ್ ತಮ್ಮ ಉಣವಲ್ಲ ಅಂತ ಕೇಳೀನಿ. ಅವಂದೇನೂ ತಪ್ಪಿಲ್ಲ, ನನ್ ಹತ್ರ ಕಳ್ಸು. ನೀ ಮಾತ್ರ ಇನ್ನ ಈ ಬಾಗ್ಲಿಗೆ ಬರಬ್ಯಾಡವ್ವಾ."

ನಾಳೆ ಹೋಗು. ನೀನು ಕೇಳಬೇಕಾದ ಮಾತು ಆಕೆಯ ಹತ್ತಿರ ಇದೆ, ನನ್ನ ಹತ್ತಿರ ಇಲ್ಲ. ಬಂದ ಮೇಲೆ ನನ್ನ ಜೊತೆ ಮಾತು ಬಿಟ್ಟರೆ ಬಿಡು.

ಶಿವ ನಿನ್ನನ್ನು ಕಾಯಲಿ, ನಿನ್ನ ಎದೆಯ ಭಾರ ಇನ್ನು ನನಗಿರಲಿ.

ನಿನ್ನ ಅಕ್ಕ,
ಗಂಗೋತ್ರಿ
ಆದೋನಿ