ಕತ್ತಲಲ್ಲಿ ಎದ್ದ ಕೈಗಳು

ಸೋಮವಾರ, ಬೆಳಿಗ್ಗೆ

ಪ್ರೀತಿಯ ಮಗಳಿಗೆ,

ನಿನ್ನೆ ಎದುರು ನಿಂತು ಸಂಜ್ಞೆಯಲ್ಲಿ ಹೇಳಲು ನೋಡಿದೆ. ನೀನು ಮುಖ ತಿರುಗಿಸಿದೆ. ಅಲ್ಲಿಗೆ ಮಾತು ಮುಗಿಯಿತು. ಆದ್ದರಿಂದ ಬರೆಯುತ್ತಿದ್ದೇನೆ.

೧. ಶನಿವಾರ ಸಂಜೆ ಐದು ಗಂಟೆ ನಲವತ್ತೆರಡು ನಿಮಿಷಕ್ಕೆ ನಿನ್ನ ಏಕಪಾತ್ರಾಭಿನಯ ಮುಗಿಯಿತು.

೨. ಮುಗಿದ ಕೂಡಲೇ ಸಭಾಂಗಣದ ದೀಪಗಳನ್ನೆಲ್ಲ ಹಾಕಬೇಕು, ಜನ ಮೇಲೆತ್ತಿ ಆಡಿಸುವ ಕೈಗಳು ನಿನಗೆ ಕಾಣಬೇಕು ಎಂದು ನೀನು ಬರೆದುಕೊಟ್ಟಿದ್ದೆ.

೩. ದೀಪ ಹತ್ತಲಿಲ್ಲ. ವೇದಿಕೆಯ ದೀಪವೂ ಆರಿತು. ನಲವತ್ತು ಸೆಕೆಂಡು ಕತ್ತಲಿತ್ತು.

೪. ಲೈಟ್ ಬೋರ್ಡಿನ ಮುಂದೆ ಕೂತಿದ್ದವನು ನಾನು.

ಫ್ಯೂಸ್ ಹೋಯಿತು ಎಂದು ನಿನಗೆ ಹೇಳಿದೆ. ಫ್ಯೂಸ್ ಗಟ್ಟಿಮುಟ್ಟಾಗಿದೆ.

ಅಂದು ಮಧ್ಯಾಹ್ನದಿಂದಲೇ ನನ್ನ ತಲೆ ಕೆಟ್ಟಿತ್ತು. ಕಲಾವಿದೆಗೆ ಕಿವಿ ಕೇಳಿಸದು, ಚಪ್ಪಾಳೆ ಬೇಡ, ಕೈ ಎತ್ತಿ ಆಡಿಸಿ ಎಂಬ ಸೂಚನೆಯನ್ನು ಅಚ್ಚು ಹಾಕಿಸಿ ಪ್ರತಿ ಕುರ್ಚಿಯ ಮೇಲೂ ನಾನೇ ಇಟ್ಟಿದ್ದೆ. ಜನ ಅದನ್ನು ಮಡಚಿ ಗಾಳಿ ಬೀಸಿಕೊಂಡರು. ಒಬ್ಬರು ಪಕ್ಕದವರಿಗೆ, "ಕೈ ಆಡಿಸೋದಾ? ಏನು, ಬಸ್ ನಿಲ್ಲಿಸಬೇಕಾ?" ಎಂದು ಕೇಳಿ ನಕ್ಕರು. ನಿರೂಪಕನಿಗೆ ಮೂರು ಸಲ ವಿವರಿಸಿದ್ದೆ. ಆದರೂ ಆತ ನಿನ್ನನ್ನು ಕರೆಯುವಾಗ, "ಎಲ್ಲಿ, ಜೋರಾಗಿ ಒಂದು ಚಪ್ಪಾಳೆ ಬರ್ಲಿ!" ಎಂದ. ಆಮೇಲೆ ಕೇಳಿದರೆ, "ಅಯ್ಯೋ ಸಾರ್, ಅಭ್ಯಾಸಬಲ, ಬಾಯಿಗೆ ಬಂದ್ಬಿಡ್ತು" ಅಂತೆ. ಇಂಥವರ ಮುಂದೆ ಎಷ್ಟು ಸಲ ತಲೆ ಚಚ್ಚಿಕೊಳ್ಳುವುದು?

ನಿನ್ನ ಅಭಿನಯ ಮುಗಿಯುತ್ತ ಬಂದಂತೆ ನನಗೆ ಒಂದೇ ಚಿಂತೆ. ದೀಪ ಹಾಕಿದರೆ ನಿನಗೆ ಕಾಣುವುದು ಮಡಿಲಲ್ಲಿ ಬಿದ್ದಿರುವ ನಾಲ್ಕು ನೂರು ಕೈಗಳು. ಆ ದೃಶ್ಯ ನಿನ್ನ ಕಣ್ಣಿಗೆ ಬೀಳಬಾರದೆಂದು ದೀಪ ಆರಿಸಿದೆ.

ಹೊರಬಾಗಿಲ ಮೇಲಿನ ಪುಟ್ಟ ದೀಪದ ಬೆಳಕಿಗೆ ನನ್ನ ಕಣ್ಣು ಹೊಂದಿಕೊಂಡಿತು. ಕೈಗಳು ಎದ್ದಿದ್ದವು. ಮುಂದಿನ ಸಾಲಿನಿಂದ ಗೋಡೆಯವರೆಗೆ ಎಲ್ಲವೂ, ಬೆರಳು ಬಿಡಿಸಿಕೊಂಡು, ಅಲುಗುತ್ತ. ಬಸ್ ನಿಲ್ಲಿಸಬೇಕಾ ಎಂದು ನಕ್ಕವರ ಎರಡು ಕೈಯೂ ಮೇಲಿದ್ದವು. ನೀನು ನೋಡಲೆಂದು ಅವರು ಎತ್ತಿದ್ದರು, ನೋಡಿದವನು ನಾನೊಬ್ಬ. ಬೆರಳು ಗುಂಡಿಯ ಮೇಲೇ ಇತ್ತು. ಒತ್ತಿದರೆ ಆರಿಸಿದವನೂ ನಾನೇ ಎಂದು ತಿಳಿಯುತ್ತದೆಂದು ಒತ್ತಲಿಲ್ಲ. ಕೊನೆಗೆ ದೀಪ ಹಾಕಿದಾಗ, ಕತ್ತಲಲ್ಲೇ ಒಳಗೆ ಹೋಗಿದ್ದ ನೀನು ಪರದೆಯ ಸಂದಿಯಿಂದ ಕಂಡದ್ದು ಚಹಾಕ್ಕೆ ಎದ್ದು ಹೊರಟ ಬೆನ್ನುಗಳನ್ನು.

ಜನರಿಗೆ ಹಿಡಿಸಲಿಲ್ಲ, ಇನ್ನು ವೇದಿಕೆ ಹತ್ತುವುದಿಲ್ಲ ಎಂದು ನೀನು ನಿನ್ನ ನಾಟಕ ತಂಡಕ್ಕೆ ಬರೆದಿದ್ದೀಯೆಂದು ನಿನ್ನ ಅಮ್ಮ ಹೇಳಿದಳು. ಆ ತೀರ್ಮಾನಕ್ಕೆ ಆಧಾರವಾದ ಸಾಕ್ಷ್ಯವನ್ನು ಕೆಡಿಸಿದವನು ನಾನು. ಮೇಲಿನದೆಲ್ಲವನ್ನೂ ನಿನ್ನ ತಂಡಕ್ಕೂ ಬರೆದು ಕಳುಹಿಸಿದ್ದೇನೆ.

ಮುಂದಿನ ತಿಂಗಳ ಪ್ರದರ್ಶನಕ್ಕೆ ನೀನು ವೇದಿಕೆ ಹತ್ತಿದರೆ, ಬೋರ್ಡಿನ ಮುಂದೆ ನನ್ನ ಜೊತೆ ದೀಪದ ಕೆಲಸ ಮಾಡುವ ಸಹೋದ್ಯೋಗಿ ಇರುತ್ತಾಳೆ. ನಾನು ಸಭೆಯಲ್ಲಿ ಕೂರುತ್ತೇನೆ.

ನಿನ್ನ
ಅಪ್ಪ

ಮರೆತಿದ್ದೆ ಎಂದರೆ ಅದೂ ಸುಳ್ಳಾಗುತ್ತದೆ: ಒಂಬತ್ತನೆಯ ವಯಸ್ಸಿನಲ್ಲಿ ನೀನು ಶಾಲೆಯ ವೇದಿಕೆಯ ಮೇಲೆ ಕಥೆ ಅಭಿನಯಿಸಿದೆ. ವೇದಿಕೆಯ ದೀಪ ಕಣ್ಣಿಗೆ ಹೊಡೆದು ಸಭೆ ನಿನಗೆ ಕಂಡಿರಲಿಲ್ಲ; ಇಡೀ ಸಭೆ ಚಪ್ಪಾಳೆ ತಟ್ಟಿತು ಎಂದು ನಿನಗೆ ಹೇಳಿದ್ದೆ. ಅಂದು ತಟ್ಟಿದವರು ನಾನು ಮತ್ತು ನಿನ್ನ ಅಮ್ಮ, ಇಬ್ಬರೇ.