ಮುಟ್ಟಿದರೆ ಮುನಿಗೆ ಹೇಳಿದ ಗುಟ್ಟು

ಜುಲೈ 3

ಕ್ಲಿನಿಕ್‌ನಲ್ಲಿ ಇಡೀ ದಿನ ಹಲ್ಲು ಕೊರೆಯುವ ಸದ್ದು. ಅಪಾಯಿಂಟ್‌ಮೆಂಟ್ ಫೋನು ಎತ್ತಿ ಎತ್ತಿ ಕಿವಿ ಬಿಸಿ. ಮನೆಗೆ ಬಂದರೆ ಊಟಕ್ಕೆ ಚಿಣ್ಣಿಯ ಹಟ. ಏಳು ವರ್ಷವಾದರೂ ತುತ್ತಿಗೊಂದು ಕಥೆ ಬೇಕು ಮಗಳಿಗೆ. ಬಾಯಿಗೆ ಬಂದದ್ದು ಹೇಳಿದೆ — ಹಿತ್ತಲ ಗೋಡೆ ಪಕ್ಕದ ತುಂಬೆ ಹೂವೆಲ್ಲ ಪುಟಾಣಿ ಕಿನ್ನರಿಯ ಚಪ್ಪಲಿ. ಮುಟ್ಟಿದರೆ ಮುನಿ ಗಿಡ ಅವಳ ಮನೆ. ಗುಟ್ಟು ಹೇಳಿ ಮುಟ್ಟಿದರೆ ಎಲೆ ಮಡಚಿ ಬೀಗ ಹಾಕಿಬಿಡುತ್ತಾಳೆ.

"ಯಾರಿಗೂ ಹೇಳಲ್ವಾ?"

"ಪ್ರಾಣ ಹೋದ್ರೂ ಹೇಳಲ್ಲ."

ತಟ್ಟೆ ಖಾಲಿ. ಸದ್ಯ.

ಜುಲೈ 8, ಭಾನುವಾರ

ಬಟ್ಟೆ ಒಣಹಾಕುತ್ತಿದ್ದೆ. ಚಿಣ್ಣಿ ಗೋಡೆ ಪಕ್ಕ ಕುಕ್ಕರಗಾಲಲ್ಲಿ ಕೂತು ಪಿಸಪಿಸ. ಹಿಂದಿನಿಂದ ಮೆಲ್ಲಗೆ ವಿಡಿಯೋ ಮಾಡಿದೆ.

"ಕಿನ್ನರಿ ಅಕ್ಕಾ, ನಿನ್ನೆ ರಾತ್ರೀನೂ ಹಾಸಿಗೇಲಿ ಉಚ್ಚೆ ಹೊಯ್ಕೊಂಡೆ. ಇವತ್ತು ಎಬ್ಬಿಸ್ತೀಯಾ? ಯಾರಿಗೂ ಹೇಳ್ಬೇಡ."

ಬೆರಳು ತಾಗಿಸಿದಳು. ಎಲೆ ಮಡಚಿತು. "ಥ್ಯಾಂಕ್ಸ್" ಅಂದಳು!

ನಕ್ಕು ನಕ್ಕು ಹೊಟ್ಟೆ ಹುಣ್ಣಾಯಿತು. ಅಕ್ಕತಂಗಿಯರ ಗ್ರೂಪಿಗೆ ಹಾಕಿದೆ. ಅಕ್ಕ ಫೋನ್ ಮಾಡಿ, "ಅಯ್ಯೋ ನಿನ್ ಮಗಳೇ! ಹತ್ತು ಸಲ ನೋಡ್ದೆ ಕಣೇ" ಅಂದಳು. ಒಳಗೊಳಗೇ ಹೆಮ್ಮೆ...

ಜುಲೈ 12

ಚಿಣ್ಣಿ ಶಾಲೆಯಿಂದ ಬಂದವಳು ಬ್ಯಾಗೂ ಇಳಿಸದೆ ಬಚ್ಚಲಲ್ಲಿ ಕೂತಳು. ಕ್ಲಾಸಿನವರೆಲ್ಲ "ಉಚ್ಚೆರಾಣಿ" ಅಂತಾರಂತೆ. ಅಕ್ಕನ ಮಗಳೂ ಅದೇ ಶಾಲೆ. ತನ್ನಮ್ಮನ ಫೋನಲ್ಲಿ ನೋಡಿ ಊರಿಗೆಲ್ಲ ಸಾರಿದ್ದಾಳೆ. ಅಕ್ಕನಿಗೆ ಫೋನ್ ಮಾಡಿ ರೇಗಿದೆ.

"ನನ್ಮೇಲ್ಯಾಕೆ ಹಾರಾಡ್ತೀಯಾ? ಗ್ರೂಪಿಗೆ ಹಾಕಿದ್ದು ನೀನೇ ತಾನೇ?"

ಫೋನಿಟ್ಟೆ. ವಿಡಿಯೋ ಅಳಿಸಿದೆ. ಏನು ಬಂತು.

ಚಿಣ್ಣಿಗೆ ವಿಡಿಯೋ ವಿಷಯ ಗೊತ್ತೇ ಇಲ್ಲ. ಬಿಕ್ಕುತ್ತಲೇ ಹೇಳಿದಳು — "ನಿಂಗೆ ಗೊತ್ತು, ಕಿನ್ನರಿಗೆ ಗೊತ್ತು. ನೀನಂತೂ ಹೇಳಲ್ಲ. ಅವಳೇ ಹೇಳಿದ್ದು ಅಮ್ಮಾ. ಚಾಡಿಕೋರಿ!"

"ಇರ್ಬಹುದು ಬಿಡು" ಅಂದೆ.

ಅಂದೇಬಿಟ್ಟೆ.

ಜುಲೈ 13, ಬೆಳಿಗ್ಗೆ

ಹಿತ್ತಲಲ್ಲಿ ಒಂದು ತುಂಬೆಯೂ ನೆಟ್ಟಗಿಲ್ಲ. ಶೂ ಹಾಕಿಕೊಂಡು ತುಳಿದಿದ್ದಾಳೆ. ಮುಟ್ಟಿದರೆ ಮುನಿಯನ್ನು ಬರಿಗೈಯಲ್ಲಿ ಕಿತ್ತಿದ್ದಾಳೆ. ಅಂಗೈ ತುಂಬ ಮುಳ್ಳಿನ ಗೀರು. ಮುಲಾಮು ಹಚ್ಚಿದೆ.

"ಉರೀತಿದೆಯಾ?"

"ಅವಳಿಗೂ ಉರೀಲಿ."

ಆಗಲೇ ಹೇಳಬಹುದಿತ್ತು. ಕ್ಲಿನಿಕ್‌ಗೆ ಲೇಟಾಯಿತು ಅಂತ ಹೊರಟೆ. ಲೇಟೇನೂ ಆಗಿರಲಿಲ್ಲ.

ಜುಲೈ 19

ಇಷ್ಟು ದಿನ ಬರೆಯಲು ಮುಖವಿರಲಿಲ್ಲ. ಹಾಸಿಗೆ ಒದ್ದೆಯಾಗುವ ಭಯಕ್ಕೆ ಚಿಣ್ಣಿ ನೀರು ಕುಡಿಯುವುದನ್ನೇ ಬಿಟ್ಟಿದ್ದಾಳೆ. ತುಟಿ ಒಡೆದಿದೆ. "ಬಾಟಲಿ ತುಂಬಿದ ಹಾಗೇ ಇರತ್ತೆ" ಅಂದರು ಟೀಚರ್. ಬಲವಂತ ಮಾಡಿದರೆ ಹಲ್ಲು ಕಚ್ಚಿ ಹಿಡಿಯುತ್ತಾಳೆ.

ಇಂದು ಅವಳೆದುರು ಮಂಡಿಯೂರಿ ಕೂತೆ.

"ಕಿನ್ನರಿ ಹೇಳಿಲ್ಲ ಕಣೇ. ನಾನು. ನೀನು ಹೇಳ್ತಿದ್ದಾಗ ಹಿಂದೆ ನಿಂತು ವಿಡಿಯೋ ಮಾಡಿ ದೊಡ್ಡಮ್ಮಂಗೆ ಕಳಿಸ್ದೆ."

"ನೀನಾ?"

"ಹ್ಞೂಂ."

"ಯಾಕೆ?"

"ತಮಾಷೆಗೆ."

ಅಳಲಿಲ್ಲ. ಹೊಡೆದಿದ್ದರೆ ಚೆನ್ನಾಗಿತ್ತು. ಗೀರು ಬಿದ್ದ ತನ್ನ ಅಂಗೈಯನ್ನೇ ನೋಡಿಕೊಂಡಳು.

"ಪಾಪ, ಅವಳನ್ನ ಸುಮ್ಸುಮ್ನೆ ಕಿತ್ತುಹಾಕ್ದೆ" ಅಂದಳು.

ನನ್ನ ಕಡೆ ನೋಡಲೇ ಇಲ್ಲ.

ಜುಲೈ 20, ಸಂಜೆ

ಬಚ್ಚಲ ನೀರು ಹರಿಯುವ ಕಡೆ ಮುಟ್ಟಿದರೆ ಮುನಿಯ ಒಂದು ಕುಡಿ ಉಳಿದಿದೆಯಂತೆ. ಅವಳೇ ಹುಡುಕಿದ್ದು. ಚೊಂಬಲ್ಲಿ ನೀರು ಹಾಕುತ್ತಿದ್ದಳು. ಬಾಗಿಲಲ್ಲಿ ನಿಂತಿದ್ದೆ.

"ನೀನು ಒಳಗೆ ಹೋಗು."

ಬಂದೆ. ಕಿಟಕಿಯನ್ನೂ ಮುಚ್ಚಿದೆ. ಅಡುಗೆಮನೆಯಲ್ಲಿ ಕೂತು ಇದನ್ನು ಗೀಚುತ್ತಿದ್ದೇನೆ. ಏನು ಹೇಳುತ್ತಿದ್ದಾಳೋ. ನನ್ನ ಮೇಲಿನ ದೂರೇ ಇರಬೇಕು. ಹೇಳಲಿ. ಎಲ್ಲ ಹೇಳಲಿ...

ಹಿತ್ತಲ ಬಾಗಿಲು ಕಿರ್ ಅಂತು. ಕೈ ತೊಳೆಯುತ್ತಿದ್ದಾಳೆ. ಹೆಜ್ಜೆ ಇತ್ತಲೇ. ಬೆನ್ನ ಹಿಂದೆ ಲೋಟ ತೆಗೆದ ಸದ್ದು... ನೀರಾ? ಕುಡಿಯುತ್ತಿದ್ದಾಳೆ—